ಎಪಿಸೋಡ್ ಇನ್ನೂರ ಎಂಬತ್ತೇಳು

ತುಮಕೂರು
ಶುಕ್ರವಾರ, ಏಪ್ರಿಲ್ 11

ಸುಮಿ,

ಮುನಿಸಿಕೊಂಡು ತವರಿಗೆ ಹೋದವಳನ್ನು ಕ್ಷೇಮವೇ ಅಂತ ಕೇಳುವುದಕ್ಕೂ ಭಯವಾಗುತ್ತದೆ. ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಇಪ್ಪತ್ತು ದಿನವಾಯಿತು. ಅದಕ್ಕೇ ಈ ಕಾಗದ. ನಮ್ಮ ಕಾರ್ಖಾನೆ ಕ್ಯಾಂಟೀನಿನ ಗಿರಿಯಮ್ಮ ನಾಳೆ ನಿಮ್ಮೂರು ಚೇಳೂರಿಗೆ ಬರುತ್ತಾರೆ, ಅವರ ಕೈಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು.

ಭಾನುವಾರ ನಿಮ್ಮ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಕೂರುತ್ತಾರೆ, ಗಂಡನನ್ನು ಬಿಟ್ಟುಬಿಡುತ್ತೇನೆ ಅಂತ ನೀನು ಹೇಳುತ್ತೀಯ ಅಂತಲೂ ಗಿರಿಯಮ್ಮನೇ ಹೇಳಿದರು. ಯಾಕೆ ಅಂತ ನಿಮ್ಮಮ್ಮ ಕೇಳಿದ್ದಕ್ಕೆ, "ಗಂಗಾ ಹೇಳಿದ್ದೇ ನಿಜ ಕಣಮ್ಮ. ಅವ್ರಿಗೆ ನನ್ ಮೇಲೆ ಪ್ರೀತಿ ಐತೆ ಅನ್ನಕ್ಕೆ ಒಂದ್ ಆಧಾರನೂ ಇಲ್ಲ" ಅಂದೆಯಂತೆ. ಆ ಮಾತನ್ನು ನಿನ್ನ ತಲೆಗೆ ತುಂಬಿದವಳು ನಾನೇ. ನಾನು ಹೇಳಿದ್ದು ಸೀರಿಯಲ್ಲಿನ ಚಿದಾನಂದನ ಬಗ್ಗೆ ಅಂತ ಜಾರಿಕೊಳ್ಳಬಹುದು. ಅದು ಸುಳ್ಳು ಅಂತ ನಿನಗೂ ಗೊತ್ತು.

ಆ ಸೀರಿಯಲ್ ಅಭಿಮಾನಿಗಳ ನಮ್ಮ ವಾಟ್ಸಾಪ್ ಗ್ರೂಪಿನ ಕಟ್ಟಳೆ ಮಾಡಿದವಳು ನಾನು. ಚಿದಾನಂದನಿಗೆ ಹೆಂಡತಿ ರೇವತಿ ಮೇಲೆ ಪ್ರೀತಿ ಇದೆಯೋ ಇಲ್ಲವೋ, ಯಾರು ಏನೇ ಹೇಳಲಿ, ಎಪಿಸೋಡ್ ನಂಬರು, ನಿಮಿಷ, ಆಡಿದ ಮಾತು ಮೂರನ್ನೂ ಕೊಡಬೇಕು. ಕೊಡದಿದ್ದರೆ ಅಡ್ಮಿನ್ ಆದ ನಾನು ಅಳಿಸುತ್ತಿದ್ದೆ. ನಾನೂರು ಎಪಿಸೋಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವಳು ಅಂತ ಎಲ್ಲರೂ ಲಾಯರಮ್ಮ ಅನ್ನುತ್ತಿದ್ದರು. ನನಗೆ ಕೊಂಬು ಬಂದಿತ್ತು.

ಚಿದಾನಂದ ಅಂಗಡಿಯಿಂದ ಬಂದವನು ಬಾಗಿಲ ಬಳಿ ರೇವತಿಯ ಚಪ್ಪಲಿ ಇದೆಯಾ ಅಂತ ನೋಡಿಯೇ ಒಳಗೆ ಹೋಗುತ್ತಾನೆ, ಅದೇ ಪ್ರೀತಿ ಅಂತ ನೀನು ಬರೆದೆ. ಚಪ್ಪಲಿ ಬಂದು ಸಾಕ್ಷಿ ಹೇಳುತ್ತಾ ಅಂತ ನಾನು ಆಡಿಕೊಂಡೆ. "ಬಾಯ್ಬಿಟ್ಟು ಹೇಳ್ದೆ ಇರೋ ಗಂಡಸ್ರೂ ಇರ್ತಾರೆ ಕಣೇ" ಅಂದೆ ನೀನು. ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆರುನೂರು ಜನರ ಮುಂದೆ, "ನೀನ್ ನೋಡ್ತಿರೋದು ಚಿದಾನಂದನ್ನಲ್ಲ, ನಿನ್ ಗಂಡನ್ನ. ಅತ್ತೆ ಬಂಜೆ ಅಂದಾಗ ತಲೆ ತಗ್ಗಿಸ್ಕೊಂಡ್ ಕೂತಿದ್ದೋರಲ್ಲಿ ಏನ್ ಪ್ರೀತಿ ಕಂಡೆ" ಅಂತ ಬರೆದುಬಿಟ್ಟೆ. ನೀನು ನನ್ನೊಬ್ಬಳ ಹತ್ತಿರ ಹೇಳಿಕೊಂಡು ಅತ್ತಿದ್ದ ವಿಷಯ ಅದು. ಸಂಜೆ ನಮ್ಮಿಬ್ಬರ ರೂಮಿಗೆ ಬಂದರೆ ನಿನ್ನ ಬ್ಯಾಗಿರಲಿಲ್ಲ.

ಈಗ ತಪ್ಪೊಪ್ಪಿಗೆ. ಎಪಿಸೋಡ್ 287, ಹದಿನಾಲ್ಕನೇ ನಿಮಿಷ. ರೇವತಿ ತವರಿಗೆ ಹೋಗಿದ್ದಾಳೆ. ಅಂಗಡಿಯ ಗುಮಾಸ್ತ ಊಟಕ್ಕೆ ಏಳಿ ಅಂದರೆ, ಅವಳಿಲ್ಲದ ಮನೆಯಲ್ಲಿ ಊಟ ಸೇರುವುದಿಲ್ಲ ಅನ್ನುತ್ತಾನೆ ಚಿದಾನಂದ. ಬಾಯಿಬಿಟ್ಟೇ ಹೇಳುತ್ತಾನೆ. ಅವತ್ತು ನಿನಗೆ ಸೆಕೆಂಡ್ ಶಿಫ್ಟು, ನೀನು ನೋಡಲಿಲ್ಲ. ನಾನು ಎರಡು ಸಲ ಹಾಕಿ ನೋಡಿದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಬರೆಯಲಿಲ್ಲ. ಗುಬ್ಬಿಯ ನಾಗೇಶ್ ಆ ತುಣುಕನ್ನು ಗ್ರೂಪಿಗೆ ಹಾಕಿದಾಗ ನಿಮಿಷ ತಪ್ಪು ಅಂತ ನೆಪ ತೆಗೆದು, ನೀನು ನೋಡುವುದರೊಳಗೆ ಅಳಿಸಿದೆ.

ಯಾಕೆ ಅಂತ ಕೇಳುತ್ತೀಯ. ಪ್ರತಿ ಎಪಿಸೋಡ್ ಮುಗಿದ ಮೇಲೂ ನೀನು ತೆಗೆಯುತ್ತಿದ್ದುದು ನಿನ್ನ ಗಂಡ ಬಸವಪ್ರಭು ಅವರ ಮಾತೇ. ಚಿದಾನಂದ ಪ್ರೀತಿಸುತ್ತಾನೆ ಅಂತಾಗಿಬಿಟ್ಟರೆ ಮಾರನೇ ದಿನವೇ ಅವರೂರು ಹುಲಿಯೂರುದುರ್ಗದ ಬಸ್ಸು ಹತ್ತುತ್ತೀಯ ಅಂತ ನನಗೆ ದಿಗಿಲು. ಗಂಡನ ಮನೆ ಬಿಟ್ಟು ನೀನು ಇಲ್ಲಿಗೆ ಬಂದು ಒಂದು ವರ್ಷ. ಅಂತರಸನಹಳ್ಳಿಯ ಕಾರ್ಖಾನೆಗೆ ಒಂದೇ ಸ್ಕೂಟಿಯಲ್ಲಿ ಹೋಗಿ ಒಂದೇ ಡಬ್ಬಿ ಬಿಚ್ಚಿ ಉಂಡಿದ್ದೇವೆ. ಅದಕ್ಕೆ ಮುಂಚೆ ನಾನು ಈ ರೂಮಿನಲ್ಲಿ ಟಿವಿ ಜೊತೆ ಮಾತಾಡುತ್ತಿದ್ದವಳು. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತ ನಿನ್ನನ್ನು ರೇಗಿಸುತ್ತಿದ್ದೆ, ಕಾಮಾಲೆ ಇದ್ದದ್ದು ನನಗೆ. ನೀನು ಹೋಗಬಾರದು ಅನ್ನುವ ನನ್ನ ಆಸೆಯನ್ನೇ ಆಧಾರ ಅಂತ ಕರೆದೆ. ಈಗಲೂ ಎರಡು ಲೋಟ ಟೀ ಇಟ್ಟು ಒಂದನ್ನು ಚೆಲ್ಲುತ್ತೇನೆ.

ನಿನ್ನ ಗಂಡ ಒಳ್ಳೆಯವರು ಅಂತ ನಾನು ವಕಾಲತ್ತು ವಹಿಸುತ್ತಿಲ್ಲ. ಅವತ್ತು ಅಷ್ಟು ಜನರ ನಡುವೆ ನಿಮ್ಮತ್ತೆ ಬಂಜೆ ಅಂದಾಗ ತುಟಿ ಬಿಚ್ಚಲಿಲ್ಲವಲ್ಲ ಅನ್ನುವ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಬಿಡುವುದಾದರೆ ಬಿಡು, ಸುಮಿ. ನನ್ನ ಮಾತು ನಂಬಿ ಬಿಡಬೇಡ.

ಗೆಳತಿ ಅಂತ ಬರೆದುಕೊಳ್ಳುವ ಧೈರ್ಯವಿಲ್ಲದ,
ಗಂಗಾಂಬಿಕೆ

ಸಹಿ ಹಾಕಿದ ಮೇಲೆ: ಕವರು ಅಂಟಿಸಲು ಕೈ ಬರಲಿಲ್ಲ. ಇನ್ನೊಂದಿದೆ. ಮಾರ್ಚ್ 9, ಭಾನುವಾರ ಬೆಳಗ್ಗೆ, ನೀನು ಮಹಡಿ ಮೇಲೆ ಬಟ್ಟೆ ಒಗೆಯುತ್ತಿದ್ದಾಗ ಬಸವಪ್ರಭು ಬಂದಿದ್ದರು. ನಾನು ಗೇಟಿನಲ್ಲೇ ತಡೆದು, "ಅವ್ಳು ನಿಮ್ ಮುಖ ನೋಡಲ್ಲ ಅಂದವ್ಳೆ" ಅಂದೆ. ನೀನು ಹಾಗೆ ಅಂದೇ ಇರಲಿಲ್ಲ. ಅವರು, "ಅವತ್ತು ಅಮ್ಮನ್ ಮುಂದೆ ನಾನ್ ಮಾತಾಡ್ಬೇಕಿತ್ತು, ಆಡ್ಲಿಲ್ಲ. ತಪ್ಪು ನಂದೇ. ಕುಣಿಗಲಲ್ಲಿ ಬೇರೆ ಮನೆ ನೋಡಿದೀನಿ. ಇಷ್ಟು ಹೇಳ್ಬುಡಿ ಅವ್ಳಿಗೆ" ಅಂದರು. ಹೇಳುತ್ತೇನೆ ಅಂತ ಒಪ್ಪಿಕೊಂಡೆ. ನೀನು ಕೆಳಗಿಳಿದು ಬಂದು ಯಾರೇ ಬಂದಿದ್ದು ಅಂತ ಕೇಳಿದೆ. ಹಾಲಿನವನು ಅಂದೆ.