ಒಬ್ಬರಿಗೆ ಸಾಕಾಗೋ ಟೆಂಟು

ಮಾರ್ಚ್ 2, ಸೋಮವಾರ. ಮಧ್ಯಾಹ್ನ

ಒಂಬತ್ತು ಪರದೆ ಆಯ್ತು. ಇನ್ನು ನಾಲ್ಕು. ಎಲ್ಲಾ ಒಂದೇ ಬೂದು ಬಣ್ಣ, ಯಾವುದೋ ಹೋಟೆಲಿಗಂತೆ. ನೋಡಿ ನೋಡಿ ಕಣ್ಣೇ ಬೂದಾಗಿದೆ. ಅಂಗಡಿ ಯಜಮಾನ ಊಟಕ್ಕೆ ಹೋಗಿದ್ದಾನೆ. ಕಟಿಂಗ್ ಟೇಬಲ್ ಮೇಲೆ ಹತ್ತಿ ಕೂತು ಬರೀತಿದ್ದೀನಿ.

ಕತ್ತರಿ ಅಕ್ಕ ಮತ್ತೆ ಕೇಳಿದಳು, ಬರ್ತೀಯೋ ಇಲ್ವೋ ಅಂತ. ಇಲ್ಲಿ ಬಟ್ಟೆ ಕತ್ತರಿಸೋದು ಅವಳು, ಹೊಲಿಯೋದು ನಾನು. ಹದಿಮೂರು ವರ್ಷದ ಜೋಡಿ. ಅವಳ ವಾಕಿಂಗ್ ಗುಂಪು ಇಪ್ಪತ್ತೊಂದಕ್ಕೆ ಕೆರೆ ಆಚೆಯ ಗುಡ್ಡಕ್ಕೆ ಹೊರಟಿದೆ. ಎರಡು ರಾತ್ರಿ. ಎಲ್ಲಾ ಹೆಂಗಸರೇ. ಒಂದೇ ಕಟ್ಟುನಿಟ್ಟು — ಅವರವರ ಟೆಂಟು ಅವರವರೇ ಹೊರಬೇಕು. ಹದಿನಾಲ್ಕರೊಳಗೆ ಹೆಸರು ಕೊಡಬೇಕು.

ಕ್ಯಾಟಲಾಗೂ ತಂದುಕೊಟ್ಟಳು. ಐದನೇ ಪುಟ. ಒಬ್ಬರ ಟೆಂಟು. ಒಂದೂವರೆ ಕೆಜಿ — ನಮ್ಮ ಅಂಗಡಿ ಇಸ್ತ್ರಿಪೆಟ್ಟಿಗೆಗಿಂತ ಹಗುರ. ಒಳಗೆ ಮಗ್ಗುಲು ಬದಲಿಸೋಷ್ಟು ಜಾಗ, ಅಷ್ಟೇ. ಇನ್ನೊಬ್ಬರು ಬರ್ತೀನಿ ಅಂದ್ರೂ ಬರೋಕಾಗಲ್ಲ. ಅದನ್ನ ನೋಡಿಯೇ ಆಸೆ ಆಗಿದ್ದು. ಕೈಲಿದ್ದ ನೀಲಿ ಚಾಕಲ್ಲಿ ಸುತ್ತ ಗುಂಡಗೆ ಗೆರೆ ಎಳೆದೆ.

ಯಾರನ್ನೂ ಬಿಟ್ಟು ಓಡಿಹೋಗ್ತಿಲ್ಲ. ಎರಡು ದಿನ ಯಾರೂ ನನ್ನ ‘ಅದು ಎಲ್ಲಿ, ಇದು ಎಲ್ಲಿ’ ಅಂತ ಕೇಳಬಾರದು. ಅಷ್ಟೇ ಬೇಕಾಗಿರೋದು.

ಮಾರ್ಚ್ 4

ಬಾತ್‌ರೂಮಲ್ಲಿ. ಬಕೆಟ್ ಬೋರಲು ಹಾಕ್ಕೊಂಡು ಕೂತಿದ್ದೀನಿ. ಮನೇಲಿ ಚಿಲಕ ನೆಟ್ಟಗಿರೋದು ಇದೊಂದಕ್ಕೇ.

ಹೇಳ್ಬಿಟ್ಟೆ. ಅಂದ್ರೆ... ಅರ್ಧ ಹೇಳಿದೆ. ಊಟ ಮಾಡ್ತಾ, ಒಂದು ಟೆಂಟು ತಗೋಬೇಕು ಅಂತಿದ್ದೀನಿ, ಇಪ್ಪತ್ತೊಂದಕ್ಕೆ ಕೆರೆ ಹತ್ರ ಹೋಗೋಕೆ ಅಂದೆ. ‘ಒಬ್ಬಳೇ’ ಅನ್ನೋದನ್ನ ಮಾತ್ರ ನುಂಗಿದೆ. ಕ್ಯಾಟಲಾಗ್ ಮುಂದಿಟ್ಟರೆ ಸಾಕು, ನೀಲಿ ಗೆರೆ ನೋಡಿ ಅವರೇ ಅರ್ಥ ಮಾಡ್ಕೋತಾರೆ ಅಂತ ಲೆಕ್ಕ ಹಾಕಿದ್ದೆ. ನನ್ನ ಧೈರ್ಯ ಇಷ್ಟೇ. ಒಳಗೆ ನನ್ನ ಹೊಲಿಗೆ ಮೆಷಿನ್ ಮೇಲಿದೆ, ತಾ ಅಂತ ಮಗಳಿಗೆ ಹೇಳಿದೆ. ಅವಳು ಏಳೋದರೊಳಗೆ ಅತ್ತೆಯೇ ಎದ್ದು ಹೋದ್ರು. ಮಂಡಿ ನೋವು, ಆದ್ರೂ ತಾವೇ ಹೋಗಿ ತಂದ್ರು.

ಗೆರೆ ಇಲ್ಲ! ಐದನೇ ಪುಟ ತೊಳೆದಿಟ್ಟ ತಟ್ಟೆ. ಚಾಕ್ ತಾನೇ, ಬಟ್ಟೆಗೋ ಕೈಗೋ ತಾಗಿ ಅಳಿಸಿಹೋಗಿರಬೇಕು. ನನಗೇ ಬುದ್ಧಿ ಬೇಡ್ವಾ, ಪೆನ್ ಇರಲಿಲ್ವಾ.

ಅಷ್ಟರಲ್ಲಿ ಅತ್ತೆ, “ಎಷ್ಟು ದಿನ ಆಗಿತ್ತು ಎಲ್ಲರೂ ಸೇರಿ ಹೊರಗೆ ಹೋಗಿ,” ಅಂದ್ರು. ಮುಗೀತು. ಮಗಳು ಕುಣಿದಳು. ನಾದಿನಿ ಆಗಲೇ ರಜಾ ಲೆಕ್ಕ ಹಾಕ್ತಿದ್ದಾಳೆ. ಇವರು ಡಿಪೋದಲ್ಲಿ ದಿನವಿಡೀ ಬಸ್ಸಿನ ಕೆಳಗೆ ಮಲಗೋರು, ಒಂದು ದಿನ ಆಕಾಶದ ಕೆಳಗೆ ಮಲಗೋಣ ಬಿಡು ಅಂತ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ?

ಬಾಗಿಲು ಬಡೀತಿದ್ದಾರೆ.

ಮಾರ್ಚ್ 8, ಭಾನುವಾರ

ಮನೆಗೆ ಏನೇ ಬರಲಿ ಎಲ್ಲರೂ ಹೋಗಿ ನೋಡಿ ತರಬೇಕು. ಇದು ಅತ್ತೆ ಕಾಯಿದೆ. ಮಂಚ ತರುವಾಗ ಅಂಗಡೀಲಿ ಐದೂ ಜನ ಸರದಿ ಮೇಲೆ ಮಲಗಿ ನೋಡಿದ್ವಿ. ಇವತ್ತು ಟೆಂಟಿನ ಸರದಿ.

ಅಂಗಡಿಯವನು ನಾಲ್ಕು ಜನರದ್ದು ಬಿಡಿಸಿ ನಿಲ್ಲಿಸಿದ. ಚಪ್ಪಲಿ ಬಿಟ್ಟು ಸಾಲಾಗಿ ಮಲಗಿದ್ವಿ, ಥೇಟ್ ಮನೆ ಹಾಲ್‌ನಲ್ಲಿ ಮಲಗೋ ಹಾಗೇ. ಆ ಕಡೆ ಗೋಡೆಗೆ ಅತ್ತೆ, ಆಮೇಲೆ ನಾದಿನಿ, ಮಗಳು, ಇವರು. ಬಾಗಿಲ ಪಕ್ಕ ನಾನು. ಯಾರೂ ಹೇಳಲಿಲ್ಲ, ತಾನೇ ಹಾಗೆ ಆಯ್ತು. ಮೊದಲು ಏಳೋಳು ನಾನಲ್ವಾ. ಇವರ ಕಾಲು ಹೊರಗೆ. ಬೇರೆ ಗಿರಾಕಿಗಳು ನಿಂತು ನೋಡ್ತಿದ್ರು. ನಾಲ್ಕು ಜನರದ್ದು ಅಂದ್ರೆ ಮೂರು ಜನಕ್ಕೆ ಸರಿ ಅಂತ ಆಮೇಲೆ ಹೇಳಿದ ಪುಣ್ಯಾತ್ಮ.

ಆರು ಜನರದ್ದು ಬಂತು. ನಾನು ಒಳಗೆ ಹೋಗಿ ಹೊಲಿಗೆ ಮಗುಚಿ ನೋಡಿದೆ. ಸೂಜಿ ಹೋದ ಕಡೆ ನೀರೂ ಹೋಗುತ್ತೆ. ಹೊಲಿಗೆ ಉದ್ದಕ್ಕೂ ಒಳಗಿಂದ ಟೇಪ್ ಅಂಟಿಸಿದ್ರೆ ಮಾತ್ರ ನಂಬಬಹುದು. ಒಂದು ಮೂಲೇಲಿ ಟೇಪ್ ಎದ್ದಿತ್ತು, ಬೇರೆ ಪೀಸ್ ತೆಗಿ ಅಂದೆ. ಅಂಗಡಿಯವನು ಮಿಕಮಿಕ ನೋಡಿದ. ಇವರಿಗೆ ಹೆಮ್ಮೆ. ನನ್ನ ಜೈಲಿಗೆ ನಾನೇ ಒಳ್ಳೆ ಗೋಡೆ ಆರಿಸ್ತಿದ್ದೀನಿ.

ಒಬ್ಬರ ಟೆಂಟು ಮೂಲೇಲಿ ನಿಂತಿತ್ತು. ಹಸಿರು. ಬಗ್ಗಿ ತಲೆ ಒಳಗೆ ಹಾಕಿದೆ. ಹೊಸ ಬಟ್ಟೆ ವಾಸನೆ, ಸದ್ದೇ ಇಲ್ಲ. ಹಿಂದಿನಿಂದ ನಾದಿನಿ, ಅತ್ತಿಗೆ ಅದೇನು ನಾಯಿಮರಿಗಾ ಅಂದಳು. ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಕಾಲು ನೋವು ಬಂದಿರಬೇಕು.

ಆರು ಜನರದ್ದೇ ಆಯ್ತು. ಹದಿನಾಲ್ಕು ಕೆಜಿ.

ಮಾರ್ಚ್ 11

ಹೇಳ್ತೀನಿ. ನಾಳೆ ಹೇಳ್ತೀನಿ.

ಮಾರ್ಚ್ 14

ಇವತ್ತು ಹೆಸರು ಕೊಡೋ ಕೊನೇ ದಿನ. ಬೆಳಿಗ್ಗೆ ಹೇಳೇಬಿಡೋಣ ಅಂತ ಎದ್ದೆ. ಅತ್ತೆ ಹಾಸಿಗೇಲಿ ಇಲ್ಲ. ಹುಡುಕಿದ್ರೆ ಟೆರೇಸಲ್ಲಿ, ಗೋಡೆ ಹಿಡ್ಕೊಂಡು ರೌಂಡ್ ಹೊಡೀತಿದ್ದಾರೆ. ಕೆರೆ ದಂಡೇಲಿ ನಡೀಬೇಕಲ್ಲ, ಮಂಡಿಗೆ ಅಭ್ಯಾಸ ಆಗಲಿ ಅಂತ. ಮುಖದಲ್ಲಿ ಬೆವರು, ಏನೋ ಖುಷಿ. ಇನ್ನೇನು ಹೇಳಲಿ? ಬಿಸಿ ತುಪ್ಪ — ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.

ಇವರೆಲ್ಲ ಕೆಟ್ಟವರಾಗಿದ್ರೆ ಎಷ್ಟು ಸುಲಭ ಇತ್ತು. ಜಗಳ ಆಡಿ ಹೋಗಬಹುದಿತ್ತು.

ಬರಲ್ಲ ಅಂತ ಕತ್ತರಿ ಅಕ್ಕನಿಗೆ ಹೇಳಿದೆ. ಅವಳು ಕೈಲಿದ್ದ ಬಟ್ಟೆ ಕೆಳಗಿಟ್ಟಳು. “ಬೇರೆ ಯಾರೂ ಅಲ್ಲ, ನಿನ್ನ ಬಾಯಿಗೆ ನೀನೇ ಹೊಲಿಗೆ ಹಾಕ್ಕೊಂಡಿದ್ದೀಯ.” ಆಮೇಲೆ ಬೆನ್ನು ತಿರುಗಿಸಿ ಮತ್ತೆ ಕತ್ತರಿಸೋಕೆ ಶುರು ಮಾಡಿದಳು.

ಮಾರ್ಚ್ 20

ಕುಕ್ಕರ್ ಬರುತ್ತಂತೆ. ಇಸ್ಪೀಟೆಲೆ, ಅತ್ತೆ ಮದ್ದಿನ ಡಬ್ಬ, ನಾದಿನಿ ಹೇರ್ ಡ್ರೈಯರ್ ಕೂಡ. ಪ್ಲಗ್ ಎಲ್ಲಿಗೆ ಚುಚ್ತಾಳೋ, ಮರಕ್ಕಾ? ಇವರು ಡಿಪೋ ಗೆಳೆಯನ ವ್ಯಾನ್ ತಂದಿದ್ದಾರೆ. ಮನೆಯೇ ಎದ್ದು ಹೊರಟಿದೆ.

ವಾಕಿಂಗ್ ಶೂ ತೆಗೆದು ಒರೆಸಿದೆ. ನಿನಗೆ ಶೂ ಯಾಕಮ್ಮ ಅಂದಳು ಮಗಳು. ಸುಮ್ಮನೆ ಚೀಲಕ್ಕೆ ಹಾಕಿದೆ.

ಮಾರ್ಚ್ 22, ಭಾನುವಾರ. ಬೆಳಿಗ್ಗೆ ಐದೂ ಮುಕ್ಕಾಲು

ಟೆಂಟಿನ ಹೊರಗೆ. ಕೆರೆ ಮೇಲೆ ಇನ್ನೂ ಮಂಜು. ಒಳಗೆ ಮೂವರು ಮಲಗಿದ್ದಾರೆ. ಅತ್ತೆ ಬಾಗಿಲಿಗೆ ಅಂಟಿಕೊಂಡ ಹಾಗೆ ಕುರ್ಚಿ ಹಾಕ್ಕೊಂಡು ನೀರು ನೋಡ್ತಾ ಕೂತಿದ್ದಾರೆ. ನನ್ನನ್ನೇ ದಾಟಿಕೊಂಡು ಎದ್ದು ಬಂದಿದ್ದಾರೆ, ನನಗೆ ಗೊತ್ತೇ ಆಗಿಲ್ಲ.

ನಿನ್ನೆ ಇಡೀ ದಿನ ಟವೆಲ್ ಎಲ್ಲಿ, ಉಪ್ಪು ಎಲ್ಲಿ, ಟಾರ್ಚ್ ಎಲ್ಲಿ. ಹೊಲಿಗೆ ಚೆನ್ನಾಗಿದೆ. ಒಂದು ಹನಿ ಮಂಜೂ ಒಳಗೆ ಬಂದಿಲ್ಲ.

ಆಚೆ ದಡದ ಗುಡ್ಡದ ಮೇಲೆ ಚಿಕ್ಕ ಚಿಕ್ಕ ಟೆಂಟು. ಏಳು. ಒಂದರಿಂದ ಯಾರೋ ಹೊರಗೆ ಬಂದು ಎರಡೂ ಕೈ ಮೇಲೆತ್ತಿ ಮೈ ಮುರಿದರು. ಕತ್ತರಿ ಅಕ್ಕನೇ ಇರಬೇಕು. ಇಲ್ಲಿಂದ ಮುಖ ಕಾಣಲ್ಲ.

ನನ್ನ ಕಣ್ಣು ಎಲ್ಲಿದೆ ಅಂತ ಅತ್ತೆ ನೋಡ್ತಿದ್ರು. ಆಮೇಲೆ ನೀರಿನ ಕಡೆ ತಿರುಗಿ ಹೇಳಿದ್ರು, “ಆ ನೀಲಿ ಗೆರೆ ನಾನೇ ಒರೆಸಿದ್ದು.”

ಮೊದಲು ತಲೆಗೇ ಹೋಗಲಿಲ್ಲ. ಹೋದಮೇಲೆ ಮೈಯೆಲ್ಲ ಉರಿದುಹೋಯ್ತು. ಗೊತ್ತಿದ್ದೂನಾ ಅತ್ತೆ ಅಂದೆ.

“ಗೊತ್ತಿದ್ದೇ. ನೀನು ಒಬ್ಬಳೇ ಹೋಗಿದ್ರೆ ನಾನು ಮನೇಲೇ ಇರ್ತಿದ್ದೆ. ನಾನು ಹೀಗೆ ಊರಾಚೆ ಬಂದು ಒಂಬತ್ತು ವರ್ಷ ಆಯ್ತು ಕಣೇ. ಮನೆ ಹಾಲ್, ಟೆರೇಸು, ಆಸ್ಪತ್ರೆ, ಅಷ್ಟೇ. ನನ್ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿ ಅಂತ ಬಾಯಿಬಿಟ್ಟು ಕೇಳೋಕೆ ನನಗೂ ಬರಲ್ಲ.”

ಅತ್ತೆ ತಪ್ಪಾಯ್ತು ಅನ್ನಲಿಲ್ಲ. ನನಗೆ ಕೂಗಾಡಬೇಕು ಅನ್ನಿಸ್ತು. ಅಳುನೂ ಬಂತು. ಆದ್ರೆ ಏನಂತ ಬೈಯಲಿ? ಅವರು ಒರೆಸಿದ್ದು ಒಂದು ಗೆರೆ. ಇಪ್ಪತ್ತು ದಿನ ಬಾಯಿ ಮುಚ್ಕೊಂಡಿದ್ದು ನಾನು.

ಆಮೇಲೆ ಅವರೇ, ದಂಡೆ ಹಿಡಿದು ನಡೆದ್ರೆ ಆ ಗುಡ್ಡಕ್ಕೆ ಅರ್ಧ ಗಂಟೆ ದಾರಿಯಂತೆ, ಹೋಗು, ಇವರನ್ನೆಲ್ಲ ನಾನು ನೋಡ್ಕೋತೀನಿ ಅಂದ್ರು. ನನ್ನ ಎರಡು ದಿನ ತಗೊಂಡು ಒಂದು ಬೆಳಗ್ಗೆ ವಾಪಸ್ ಕೊಡ್ತಿದ್ದಾರೆ. ಆಗಲಿ. ಅದನ್ನೂ ಬೇಡ ಅನ್ನೋಷ್ಟು ದೊಡ್ಡವಳಲ್ಲ ನಾನು.

ಶೂ ಹಾಕ್ಕೊಂಡೆ. ಎಡಗಾಲಿನ ಲೇಸ್ ಕಟ್ಟಿ ಆಯ್ತು. ಇಷ್ಟು ಬರೆದು ಎದ್ದುಬಿಡೋಣ ಅಂತ...

ಒಳಗೆ ಇವರ ಕೆಮ್ಮು. ಜಿಪ್ ಒಂದು ಗೇಣು ಸರೀತು. ಅತ್ತೆ ಕೈ ಚಾಚಿ ಹೊರಗಿಂದ ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ. ಒಳಗಿಂದ ಇವರು ಎಳೀತಿದ್ದಾರೆ. ಜಿಪ್ ಸಿಕ್ಕಾಕ್ಕೊಂಡಿದೆ ಅಂತ ಬೈಕೋತಿದ್ದಾರೆ. ಅತ್ತೆ ನನ್ನ ಕಡೆ ನೋಡ್ತಿದ್ದಾರೆ, ಏಳು ಅಂತ.

“ಏ, ಟೀ ಪುಡಿ ಎಲ್ಲಿಟ್ಟಿದ್ದೀಯೇ?”

ಬಲಗಾಲಿನ ಲೇಸ್ —