ಜಿರಳೆ ಟಬ್ಬಿಗೆ ಲೋಬಾನ

ಸದಾಶಿವನಗರ, ತುಮಕೂರು
೧೪-೯-೨೦೨೫, ಭಾನುವಾರ

ಗೆಳೆಯ ಷಡಕ್ಷರಿಗೆ ಖುರ್ಷಿದ್ ಪಾಷಾನ ಸಲಾಮು.

ಆ ನುಸಿ ಪೂರ್ತಿ ಹೋಯಿತು ಕಣೋ. ಟಬ್ಬಿನಲ್ಲಿ ಹುಡುಕಿದರೂ ಒಂದು ಸಿಗುವುದಿಲ್ಲ. ಒಳ್ಳೆಯ ಸುದ್ದಿ ಇದೊಂದೇ, ಅದಕ್ಕೇ ಮೊದಲು ಬರೆದೆ. ತಡವಾಗಿದ್ದಕ್ಕೆ ಬೈದುಕೋ. ದಿನಾ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆದ ಎಂದು ನಿನ್ನ ಮಗಳು ಸುಧಾ ಕೇಳಿದರೆ, ಪಾಷಾ ಚಿಕ್ಕಪ್ಪನ ಕೈಗೆ ಫೋನು ಬಂದರೆ ಬಾಯಿ ತಮಾಷೆಗೇ ಓಡುತ್ತದೆ ಎಂದು ಹೇಳು. ಸೊಂಟ ಹೇಗಿದೆ? ವಾಕರ್ ಹಿಡಿದು ಬಚ್ಚಲಿನವರೆಗೆ ನಡೆದೆಯಂತೆ. ಕುಣಿಗಲ್ ಕುದುರೆಗಳು ಹೊಟ್ಟೆಕಿಚ್ಚು ಪಡಲಿ.

ನೀನು ಗುಬ್ಬಿಯ ಮನೆಗೆ ಬೀಗ ಹಾಕಿ ಕುಣಿಗಲ್‌ಗೆ ಮಗಳ ಮನೆಗೆ ಹೊರಟಾಗ ಜಿರಳೆ ಟಬ್ಬನ್ನು ನನ್ನ ಆಟೋದಲ್ಲಿ ಇಟ್ಟೆಯಲ್ಲ, ದಾರಿಯಲ್ಲಿ ಕೈ ಅಡ್ಡ ಹಾಕಿದವರಿಗೆಲ್ಲ ಸೀಟು ಫುಲ್ ಎಂದೆ. ಟಬ್ಬನ್ನೂ ನನ್ನನ್ನೂ ಒಟ್ಟಿಗೇ ಆಚೆ ಹಾಕುತ್ತೇನೆ ಎಂದು ಮನೆಯಲ್ಲಿ ನನ್ನಾಕೆ ಚಾಂದ್ ಬೀ ಕೂಗಾಡಿದಳು. ಜನ ಚಪ್ಪಲಿಯಲ್ಲಿ ಹೊಡೆಯುವ ಪ್ರಾಣಿಯನ್ನು ನೀನು ಕ್ಯಾರೆಟ್ ಕೊಟ್ಟು ಸಾಕಿದವನು. ವಾರ ಕಳೆಯುವುದರೊಳಗೆ ಅವಳೇ ಕ್ಯಾರೆಟ್ ಹೆಚ್ಚತೊಡಗಿದಳು. ಹೆಬ್ಬೆರಳುದ್ದದ ಆ ವಿದೇಶಿ ಜಿರಳೆ ಕೈಗೆತ್ತಿಕೊಂಡರೆ ಬುಸ್ ಎನ್ನುವುದು ಅವಳಿಗೂ ನಗು ತರಿಸುತ್ತಿತ್ತು.

ಮಳೆ ಹಿಡಿದಾಗ ಟಬ್ಬಿನ ಒಳಗೋಡೆಗೆ ಬಿಳಿ ಹಿಟ್ಟು ಮೆತ್ತಿದಂತೆ ಕಂಡಿತು. ಬೆರಳಲ್ಲಿ ಒರೆಸಿದರೆ ಹಿಟ್ಟು ನಡೆಯತೊಡಗಿತು. ತೆಂಗಿನಕಾಯಿಗೆ ಬೀಳುವ ನುಸಿ ಇಲ್ಲಿಗೂ ಬಂತೇನೋ ಎಂದುಕೊಂಡು ನಿನಗೆ ಫೋನು ಮಾಡಿದೆ. ಕೆಳಗೆ ಹಾಸಿದ್ದ ಬೂಸಾ ಎಲ್ಲ ಬಿಸಾಡಿ, ಜಿರಳೆಗಳನ್ನು ಬೇರೆ ಟಬ್ಬಿಗೆ ಹಾಕಿ, ಒದ್ದೆ ತಿಂಡಿ ನಿಲ್ಲಿಸು ಎಂದು ನೀನು ಹೇಳಿಕೊಟ್ಟೆ. "ಔಷ್ದಿ ಗಿವ್ಷ್ದಿ ಏನೂ ಹಾಕ್ಬೇಡ ಕಣ್ಲಾ, ಒಣಗಿದ್ರೆ ನುಸಿ ತಾನೇ ಸಾಯ್ತದೆ" ಎಂದು ಎರಡು ಸಲ ಹೇಳಿದೆ. ನಾನೂ ಹಾಗೇ ಮಾಡಿದೆ. ಅರ್ಧ ಕಡಿಮೆಯೂ ಆಯಿತು. ಕೈ ಕಟ್ಟಿಕೊಂಡು ಕೂತಿದ್ದರೆ ಸಾಕಿತ್ತು.

ಗುರುವಾರ ಸಂಜೆ ನಾವು ಮನೆಗೆಲ್ಲ ಲೋಬಾನದ ಹೊಗೆ ಹಾಕುವುದು ನಿನಗೆ ಗೊತ್ತು. ಅದೇ ಕೆಂಡಕ್ಕೆ ಬೇವಿನ ಸೊಪ್ಪು ಹಾಕಿ ಕೋಳಿ ಗೂಡಿಗೆ ಹಿಡಿದರೆ ಹೇನು ಉದುರುತ್ತವೆ. ಹೊಗೆ ಔಷಧಿಯಲ್ಲವಲ್ಲ ಎಂದು ನನಗೆ ನಾನೇ ವಕೀಲನಾದೆ. ಅಂಥದೊಂದು ಗುರುವಾರ ಟಬ್ಬಿನ ಪಕ್ಕ ಧೂಪದಾನಿ ಇಟ್ಟು, ಎರಡಕ್ಕೂ ಸೇರಿಸಿ ಕಂಬಳಿ ಹೊದಿಸಿ, ಟೀ ಕುಡಿದು ಬಂದೆ. ಕಂಬಳಿ ತೆಗೆದರೆ ಎಲ್ಲವೂ ಅಂಗಾತ ಬಿದ್ದಿದ್ದವು. ಒಂದೊಂದನ್ನೇ ಮಗುಚಿದೆ, ರಟ್ಟಿನಲ್ಲಿ ಗಾಳಿ ಬೀಸಿದೆ, ಚಾಂದ್ ಬೀ ನೀರು ಚಿಮುಕಿಸಿದಳು. ಒಂದೂ ಏಳಲಿಲ್ಲ.

ಮರುದಿನ ನಿನ್ನ ಫೋನು ಬಂತು. ಎಂದಿನಂತೆ ಟಬ್ಬಿನ ಹತ್ತಿರ ಹಿಡಿ, ಸದ್ದು ಕೇಳಬೇಕು ಎಂದೆಯಲ್ಲ, ನಿಜ ಹೇಳೋಣವೆಂದೇ ಬಾಯಿ ತೆರೆದೆ. ಬುಸ್ ಎಂದು ಬಂತು. "ಅದು ದೊಡ್ಡದು ಕಣ್ಲಾ, ನಂಗೆ ಗೊತ್ತಾಯ್ತದೆ" ಎಂದು ನೀನು ಹಿಗ್ಗಿದೆ. ಅಂದಿನಿಂದ ದಿನಾ ಬುಸುಗುಡುತ್ತಿದ್ದೇನೆ, ದೊಡ್ಡದಕ್ಕೊಂದು ದನಿ, ಮರಿಗೊಂದು ದನಿ. ಮೊದಲ ದಿನ ಚಾಂದ್ ಬೀ ಸೆರಗು ಬಾಯಿಗಿಟ್ಟು ನಕ್ಕಳು. ಈಗ ನಿನ್ನ ಫೋನು ಬಂದರೆ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಾಳೆ.

ಇನ್ನು ಬುಸುಗುಡುವುದಿಲ್ಲ. ಕಾಗದ ಓದಿ ಫೋನು ಮಾಡು, ಬಾಯಿ ತುಂಬ ಬೈಯಿ. ಫೋನೇ ಮಾಡದಿದ್ದರೆ ಏನು ಮಾಡಲಿ ಎಂದೇ ನನಗೆ ಭಯ. ಅಲ್ಲಾ ನಿನ್ನನ್ನು ಬೇಗ ಎಬ್ಬಿಸಿ ನಡೆಸಲಿ, ನಿಮ್ಮ ಸಿದ್ಧಲಿಂಗೇಶ್ವರನೂ ಒಂದು ಕೈ ಹಿಡಿಯಲಿ. ಸುಧಾಳ ಮನೆ ತಣ್ಣಗಿರಲಿ.

ನಿನ್ನ
ಪಾಷಾ

ತಾ.ಕ.: ನುಸಿ ಎಲ್ಲಿಂದ ಬಂತು ಎಂದು ನೀನು ಕೇಳಿದಾಗ, ನೀನು ಕೊಟ್ಟ ಬೂಸಾದಲ್ಲೇ ಇತ್ತೇನೋ ಎಂದಿದ್ದೆ. ಸುಳ್ಳು. ನೀನು ಕೊಟ್ಟದ್ದು ಮುಗಿದಿತ್ತು. ಕೋಳಿ ಗೂಡಿನ ಪಕ್ಕ ನೆನೆದ ಮೂಟೆಯಿಂದ ತೆಗೆದು ಹಾಕಿದವನು ನಾನು. ನನ್ನ ಮಾತು ನಂಬಿ ನೀನು, ಕುಣಿಗಲ್‌ಗೆ ಜೊತೆಗೆ ಒಯ್ದಿದ್ದ ಡಬ್ಬಿಯ ಜಿರಳೆ ಮರಿಗಳಿಗೂ ನುಸಿ ಹತ್ತಿರುತ್ತದೆಂದು ಸುಧಾಳ ಕೈಯಲ್ಲಿ ಬಿಸಿನೀರು ಹೊಯ್ಯಿಸಿದೆ. ಆಮೇಲೆ ನನಗೇ ಫೋನು ಮಾಡಿ, "ರೋಗದ್ ಟಬ್ಬು ಕೊಟ್ಬುಟ್ಟೆ ಪಾಷಾ, ತಪ್ಪಾಯ್ತು ಕಣೋ. ನಿನ್ನತ್ರ ಇರೋವಾದ್ರೂ ಉಳೀಲಿ" ಎಂದೆ. ಪರವಾಗಿಲ್ಲ ಬುಡು ಎಂದು ನಾನು ದೊಡ್ಡ ಮನುಷ್ಯನ ಹಾಗೆ ನಿನ್ನನ್ನು ಕ್ಷಮಿಸಿದೆ. ಆ ಮರಿಗಳಿಗೆ ಯಾವ ನುಸಿಯೂ ಹತ್ತಿರಲಿಲ್ಲ ಷಡಕ್ಷರಿ.

ನಿಜ ಪೂರ್ತಿ ಬರೆದಾಯಿತಾ, ಆಗಿದ್ದರೆ ಊಟಕ್ಕೆ ಬನ್ನಿ ಎಂದು ಚಾಂದ್ ಬೀ ಕರೆಯುತ್ತಿದ್ದಾಳೆ. ಬಂದೆ ಎಂದಿದ್ದೇನೆ.