ಎಂಟನೇ ಕಂತಿನಲ್ಲಿ ಕಾಣದವನು

ಜಾವಗಲ್
ಭಾನುವಾರ, ೯ ಫೆಬ್ರವರಿ ೨೦೨೫

ಪ್ರೀತಿಯ ಯುವಿ,

ಅಕ್ಕನ ನೆನಪುಗಳು. ಚೆನ್ನಾಗಿದ್ದೇನೆ ಅಂತ ಬರೆದರೆ ನೀನು ನಂಬುವುದಿಲ್ಲ, ಚೆನ್ನಾಗಿಲ್ಲ ಅಂತ ಬರೆದರೆ ನಿದ್ದೆ ಮಾಡುವುದಿಲ್ಲ. ಅದಕ್ಕೇ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಹೋದ ತಿಂಗಳು ಹಾಸನದ ಜೈಲಿಗೆ ನಿನ್ನನ್ನು ನೋಡಲು ಬಂದಾಗ, ಸಿಕ್ಕ ಸ್ವಲ್ಪ ಹೊತ್ತಿನಲ್ಲೂ ನೀನು ಕೇಸಿನ ಮಾತು ಬಿಟ್ಟು ನಿನ್ನ ಜಪಾನಿ ಕಾರ್ಟೂನಿನ ಮಾತೇ ಆಡಿದೆ. ಕಾರ್ಟೂನ್ ಅಂದರೆ ನಿನಗೆ ಸಿಟ್ಟು, ಅನಿಮೆ ಅನ್ನಬೇಕು. ಸರಿ, ಅನಿಮೆ. ಪೂರ್ತಿ ನೋಡು ಅಕ್ಕ, ನಾನು ಯಾಕೆ ಹಂಗೆ ಮಾಡಿದೆ ಅಂತ ನಿನಗೇ ಗೊತ್ತಾಗುತ್ತೆ, ನೋಡಿ ಬರೆದು ಹಾಕು ಅಂದೆ. ನಿನ್ನ ಟ್ಯಾಬಿನಲ್ಲಿದ್ದ ಇಪ್ಪತ್ತನಾಲ್ಕು ಕಂತನ್ನೂ ನೋಡಿ ಮುಗಿಸಿದೆ. ಮಂಗಳವಾರ ಅರಸೀಕೆರೆಯ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನಾನು ಹೇಳಿಕೆ ಕೊಡಬೇಕು. ನೀನು ಠಾಣೆಗೆ ಹೋಗಿ, ನಾನೇ ಹೊಡೆದೆ ಅಂತ ಎದೆಯುಬ್ಬಿಸಿ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ. ಕಣ್ಣಾರೆ ಕಂಡವಳು ನಾನೊಬ್ಬಳೇ. ನಿನ್ನ ಭಾವ ಜಾರಿ ಬಿದ್ದ ಅಂತ ನಾನು ಅಂದರೆ ನೀನು ಹೊರಗೆ, ಇಲ್ಲವಾದರೆ ವರ್ಷಗಟ್ಟಲೆ ಒಳಗೆ. ಅಷ್ಟರೊಳಗೆ ನಿನ್ನ ಹೀರೋನನ್ನು ನೋಡಿ ಮುಗಿಸಬೇಕು ಅನಿಸಿತು.

ನಾನೊಬ್ಬಳೇ ನೋಡಲಿಲ್ಲ. ತಿಮ್ಮೇಶನೂ ನೋಡಿದ. ಗಂಡನನ್ನು ಅವರು ಅಂತ ಬರೆಯುವುದನ್ನು ಬಿಟ್ಟಿದ್ದೇನೆ, ದಿನಾ ಮೈ ತೊಳೆಯುವವಳಿಗೆ ಆ ಮರ್ಯಾದೆ ನೆನಪಿರುವುದಿಲ್ಲ. ಟ್ಯಾಬನ್ನು ಅವನ ಮಂಚದ ಪಕ್ಕ ಸ್ಟೂಲಿನ ಮೇಲೆ ಅಕ್ಕಿ ಡಬ್ಬಕ್ಕೆ ಒರಗಿಸಿಡುತ್ತಿದ್ದೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದವನು ಗೋಡೆ ನೋಡಬೇಕು, ಇಲ್ಲ ಅದನ್ನು ನೋಡಬೇಕು. ಅದರಲ್ಲಿ ಆಡುವುದು ಜಪಾನಿ, ಕೆಳಗೆ ಅಕ್ಷರದಲ್ಲಿ ಬರುವುದು ಇಂಗ್ಲಿಷು. ಅವನಿಗೆ ಎರಡೂ ಬರುವುದಿಲ್ಲ. ಹಾಗಾಗಿ ನಾನು ಓದಿ ಓದಿ ಕನ್ನಡದಲ್ಲಿ ಹೇಳಬೇಕಾಯಿತು. ನನ್ನ ಬಿ.ಎ. ಓದು ಇದಕ್ಕಾದರೂ ಬಂತು.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ನೀನು ಮುಖ ಊದಿಸಿಕೊಳ್ಳಬೇಡ. ಹಿಮ ಬೀಳುವುದನ್ನು ಎಷ್ಟು ಚೆನ್ನಾಗಿ ಬರೆದಿದ್ದಾರೆ! ಅನ್ನದ ಮೇಲಿನ ಹಬೆ ನೋಡಿದರೆ ಉಂಡು ಎದ್ದವರಿಗೂ ಹಸಿವಾಗಬೇಕು. ಉಪ್ಪು ಬೆಳೆಯುವ ಊರು, ಗಂಟೆ ಎರಕ ಹೊಯ್ಯುವವನ ಮಗ, ಒಂದೇ ಕಿವಿಯ ಹುಡುಗ. ಅವನ ಹೆಸರು ನಮ್ಮ ಬಾಯಿಗೆ ಬರಲಿಲ್ಲ, ಇಬ್ಬರೂ ಅವನನ್ನು ಒಂಟಿಕಿವಿ ಅಂತಲೇ ಕರೆದೆವು. ಮೊದಮೊದಲು ಒಂಟಿಕಿವಿ ನನಗೂ ಇಷ್ಟವಾದ. ಮಾತು ಕಡಿಮೆ, ಅಕ್ಕನ ಕಂಡರೆ ಜೀವ. ಅವನು ಒಳ್ಳೆಯವನೋ ಕೆಟ್ಟವನೋ ಅಂತ ನೀನೂ ನಿನ್ನ ಗೆಳೆಯರೂ ಅರಸೀಕೆರೆಯ ಮೊಬೈಲ್ ಅಂಗಡಿಯಲ್ಲಿ ಕೂತು ಗಿರಾಕಿ ಬಂದರೂ ಏಳದೆ ವಾದ ಮಾಡುತ್ತಿದ್ದಿರಂತೆ. ಹಾಗೆ ವಾದ ಮಾಡುವಂಥವನೇ ಅವನು. ಊರನ್ನು ಉಳಿಸಲು ಊರಿನ ಕಣಜಕ್ಕೇ ಬೆಂಕಿ ಇಡುತ್ತಾನೆ. ಕಾಳು ದೋಚಲು ಬಂದ ಶತ್ರುಗಳು ವಾಪಸ್ಸು ಹೋಗುತ್ತಾರೆ, ಊರಿನ ಮಕ್ಕಳು ಹಸಿದುಕೊಂಡು ಮಲಗುತ್ತಾರೆ. ಅವನೂ ಊಟ ಬಿಟ್ಟು ಒಬ್ಬನೇ ಕೂರುತ್ತಾನೆ. ಅವನಿಗೂ ನೋವಾಗುತ್ತೆ ಅನ್ನುವುದನ್ನು ಮುಚ್ಚಿಟ್ಟಿಲ್ಲ, ಅದು ಒಳ್ಳೆಯದು.

ಏಳನೇ ಕಂತಿಗೆ ಬರುತ್ತೇನೆ. ನಿನಗೆ ಬಾಯಿಪಾಠವಿರಬೇಕು. ಅಕ್ಕನಿಗೆ ಹೊಡೆದ ಮೇಸ್ತ್ರಿಯ ಬೆನ್ನನ್ನು ಒಂಟಿಕಿವಿ ಗಂಟೆಯ ಸುತ್ತಿಗೆಯಿಂದ ಮುರಿಯುತ್ತಾನೆ. ಮುರಿದು, ಇನ್ನು ನೀನು ಯಾರ ಮೇಲೂ ಕೈ ಎತ್ತುವುದಿಲ್ಲ ಅನ್ನುತ್ತಾನೆ. ಅದನ್ನು ನಾನು ನನ್ನ ಬಾಯಲ್ಲಿ ತಿಮ್ಮೇಶನಿಗೆ ಓದಿ ಹೇಳಿದೆ ಯುವಿ. ಹೇಳಿ ಅವನ ಮುಖ ನೋಡಿದೆ. ಅವನು ತಲೆ ಆಡಿಸಿ, ಬೇಕಾಗಿತ್ತು ಕಣೇ ಆ ನನ್ಮಗನಿಗೆ ಅಂದ. ತನ್ನ ನೆನಪು ಅವನಿಗೆ ಬರಲೇ ಇಲ್ಲವೋ, ಬಂದೂ ಹಾಗೆ ಅಂದನೋ ಗೊತ್ತಿಲ್ಲ. ಆಮೇಲೆ ನೀರು ಕೇಳಿದ, ಕುಡಿಸಿದೆ.

ಎಂಟನೇ ಕಂತು ಹಾಕಿದೆ. ಆ ಮೇಸ್ತ್ರಿ ಎಲ್ಲಿ ಅಂತ ಕಾದೆ. ಒಂಟಿಕಿವಿ ಆಗಲೇ ಬೇರೆ ಊರಿನಲ್ಲಿ ಯಾರದೋ ಅಂಗಡಿ ಮುಂದೆ ಕೂತು ಬಿಸಿ ಶಾವಿಗೆ ತಿನ್ನುತ್ತಿದ್ದ. ಮೇಸ್ತ್ರಿ ಬದುಕಿದ್ದಾನಾ? ಅವನ ಮಗ್ಗುಲು ಬದಲಾಯಿಸುವವರು ಯಾರು? ಗಂಜಿ ಕುಡಿಸುವವರು, ಚೀಲಕ್ಕೆ ತುಂಬಿದ ಮೂತ್ರ ಚೆಲ್ಲುವವರು ಯಾರು? ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಮುಂದಿನ ಕಂತುಗಳಲ್ಲೂ ಹುಡುಕಿದೆ. ಎಲ್ಲೂ ಇಲ್ಲ. ಅಷ್ಟು ಚೆನ್ನಾಗಿ ಚಿತ್ರ ಬರೆಯುವವರಿಗೆ ಒಂದು ಮಂಚ ಬರೆಯಲು ಪುರುಸೊತ್ತಾಗಲಿಲ್ಲ.

ನನಗೆ ಸಿಟ್ಟು ಬಂತು ಅಂತ ತಿಳಿಯಬೇಡ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತು ಮಡಿಸಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತಲ್ಲ, ನನ್ನ ಮನಸ್ಸಿಗೆ ಹಾಗೆ ಹಿಡಿದಿದೆ. ಅವನ ಬೆನ್ನಿನ ಹುಣ್ಣು ಒರೆಸುವಾಗ ಅಯ್ಯೋ ಅನಿಸುವುದಿಲ್ಲ, ಹೀಗೇ ಆಗಬೇಕಿತ್ತು ಅಂತಲೂ ಅನಿಸುವುದಿಲ್ಲ. ನಿನ್ನನ್ನು ಜೈಲಿನ ಜಾಲರಿಯ ಆಚೆ ನೋಡಿದಾಗಲೂ ಅಳು ಬರಲಿಲ್ಲ. ನಿನ್ನ ಗಡ್ಡ ಉದ್ದವಾಗಿದೆ ಅಂತ ಮಾತ್ರ ಅನಿಸಿತು.

ಕೊನೆಯ ಕಂತಿನಲ್ಲಿ ಅವನ ಅಕ್ಕ ಹಿಮದಲ್ಲಿ ಮಂಡಿಯೂರಿ ಅವನ ಕೈ ಹಿಡಿದುಕೊಂಡು, ನೀನು ನನ್ನನ್ನು ಉಳಿಸಿದೆ ಅನ್ನುತ್ತಾಳೆ. ಅದನ್ನು ನೋಡಿ ಅತ್ತುಬಿಟ್ಟೆ ಅಂತ ನೀನು ಹೇಳಿದ್ದೆ. ತಿಮ್ಮೇಶನೂ ಕಣ್ಣು ಒರೆಸಿಕೊಂಡ. ಏನಂದ್ಲು ಏನಂದ್ಲು ಅಂತ ಪೀಡಿಸಿದ. ನನಗೆ ಆ ಸಾಲು ಓದಲು ಬಾಯಿ ಬರಲಿಲ್ಲ. ಚಳಿ ಜಾಸ್ತಿ ಐತೆ, ಒಳಗೆ ಬಾ ಅಂದ್ಲು ಅಂದೆ. ಅಷ್ಟೇನಾ ಅಂದ. ಅಷ್ಟೇ ಅಂದೆ.

ನೀನು ತಿಮ್ಮೇಶನಿಗೆ ಹೊಡೆದ ದಿನ ನಾನು ಕಂಡದ್ದನ್ನು ನಿನಗೆ ಇಲ್ಲಿಯವರೆಗೂ ಹೇಳಿಲ್ಲ. ಹಿಂದಿನ ಸಂಜೆ ಅವನು ನನಗೆ ಹೊಡೆದಿದ್ದ, ಕೆನ್ನೆ ಊದಿತ್ತು, ನಿಜ. ಐದು ವರ್ಷ ಹೊಡೆದಿದ್ದಾನೆ, ಅದನ್ನು ನಾನು ಮರೆತಿಲ್ಲ, ಯಾರೂ ಮರೆಯಬೇಕಾಗಿಯೂ ಇಲ್ಲ. ಆದರೆ ನೀನು ಬಂದಾಗ ಅವನು ಗೂಡ್ಸ್ ಆಟೋದ ಮೇಲೆ ನಿಂತು ತೆಂಗಿನಕಾಯಿ ಮೂಟೆಗೆ ಹಗ್ಗ ಬಿಗಿಯುತ್ತಿದ್ದ. ನಿನಗೆ ಬೆನ್ನು ಹಾಕಿ ನಿಂತಿದ್ದ. ನೀನು ನನ್ನ ಕೆನ್ನೆ ನೋಡಿದೆ, ಕೆಳಗೆ ಬಿದ್ದಿದ್ದ ಜಾಕಿ ರಾಡು ತೆಗೆದುಕೊಂಡೆ. ನಾನು ಅವನಿಗೆ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿದ್ದೆ. ಬೇಡ ಅನ್ನುವಷ್ಟು ಹೊತ್ತೂ ಸಿಗಲಿಲ್ಲ. ಅವನು ಬಿದ್ದ ಮೇಲೆ ನೀನು ನನ್ನ ಕಡೆ ತಿರುಗಿ ನೋಡಿದ ನೋಟವಿದೆಯಲ್ಲ, ಆಯ್ತು ಅಕ್ಕ ಅನ್ನುವ ಹಾಗೆ, ಅದನ್ನೇ ಒಂಟಿಕಿವಿಯ ಮುಖದಲ್ಲಿ ಏಳನೇ ಕಂತಿನಲ್ಲಿ ಕಂಡೆ.

ಈಗ ಎಲ್ಲರೂ ಒಂದು ಮಾತಿಗೆ ಬಂದಿದ್ದಾರೆ. ಅವ್ವ ದಿನಾ ಫೋನು ಮಾಡಿ, ಜಾರಿ ಬಿದ್ದ ಅಂದ್ಬುಡವ್ವ, ನಿನ್ ಬೆನ್ನಿಗೆ ಹುಟ್ಟಿದ ತಮ್ಮ ಅಲ್ವಾ ಅವ್ನು ಅಂತಾಳೆ. ತಿಮ್ಮೇಶನೂ ಅದನ್ನೇ ಹೇಳುತ್ತಾನೆ. ಆಸ್ಪತ್ರೆಯಲ್ಲಿ ಪೊಲೀಸರಿಗೆ ನೆನಪಿಲ್ಲ ಅಂದಿದ್ದವನು, ಮೊನ್ನೆ ನನ್ನ ಸೆರಗು ಹಿಡಿದುಕೊಂಡು, ನಾನೂ ಜಾರಿ ಬಿದ್ದೆ ಅಂತೀನಿ, ನಿನ್ ತಮ್ಮ ಆಚೆಗೆ ಬರ್ಲಿ, ನೀನು ಮಾತ್ರ ನನ್ನ ಬಿಟ್ಟು ಹೋಗಕಿಲ್ಲ ಅಂತ ಮಾತು ಕೊಡು ಅಂದ. ಹೊಡೆಯುತ್ತಿದ್ದ ಕೈ ಅದೇ. ಈಗ ಬಿಡಿಸಿಕೊಳ್ಳಲು ಕಷ್ಟವೇನೂ ಆಗಲಿಲ್ಲ. ಮಾತು ಕೊಡಲಿಲ್ಲ, ಕೊಡುವುದಿಲ್ಲ ಅಂತಲೂ ಹೇಳಲಿಲ್ಲ. ಗಂಜಿ ಆರುತ್ತಿದೆ ಅಂದೆ. ಮಂಗಳವಾರ ನನ್ನ ಬಾಯಿಂದ ಏನು ಬರುತ್ತೋ ನನಗೇ ಗೊತ್ತಿಲ್ಲ.

ಅವ್ವ ನಿನಗೆ ಎರಡು ಬನಿಯನ್ನು, ಒಂದು ಶಾಲು ಕಳಿಸಿದ್ದಾಳೆ. ರಾತ್ರಿ ಹೊದ್ದುಕೋ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಲಾವಣ್ಯ

ವಿ.ಸೂ.: ಬೇಲೂರು, ಗುರುವಾರ. ಪತ್ರ ಅಂಚೆಗೆ ಹಾಕಿರಲಿಲ್ಲ, ಈಗ ಹಾಕುತ್ತಿದ್ದೇನೆ. ಜೈಲಿನವರು ಓದಿಯೇ ಕೊಡುತ್ತಾರಂತೆ, ಓದಲಿ, ಮುಚ್ಚಿಡುವುದು ಏನೂ ಉಳಿದಿಲ್ಲ. ಮಂಗಳವಾರ ಕೋರ್ಟಿನಲ್ಲಿ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವನು ನನಗೆ ಹೊಡೆಯುತ್ತಿದ್ದದ್ದನ್ನೂ ಹೇಳಿದೆ, ಅವನು ಬೆನ್ನು ಹಾಕಿ ನಿಂತಿದ್ದದ್ದನ್ನೂ ಹೇಳಿದೆ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಿಮ್ಮೇಶನನ್ನು ಅತ್ತೆ ಕೆಂಪಲಕ್ಷ್ಮಮ್ಮನಿಗೂ ಅವನ ಅಣ್ಣ ಸಣ್ಣಯ್ಯನಿಗೂ ಒಪ್ಪಿಸಿ, ಮಗ್ಗುಲು ಹೇಗೆ ಬದಲಾಯಿಸಬೇಕು ಅಂತ ತೋರಿಸಿಕೊಟ್ಟು, ನಿನ್ನ ಟ್ಯಾಬನ್ನು ಅವನ ಹತ್ತಿರವೇ ಬಿಟ್ಟು ಬಂದೆ. ಸೊಂಟದಲ್ಲಿ ಸ್ವಾಧೀನವಿಲ್ಲದವನನ್ನು ಬಿಟ್ಟು ಹೋದಳು ಅಂತ ಊರು ಅನ್ನುತ್ತೆ, ಅನ್ನಲಿ. ಇನ್ನು ನನಗೆ ಬರೆಯುವುದಾದರೆ ಜಾವಗಲ್ಲಿಗೆ ಬರೆಯಬೇಡ, ಬೇಲೂರಿನಲ್ಲಿ ನನ್ನ ಗೆಳತಿ ಮೀನಾಕ್ಷಿಯ ಪ್ರಿಂಟಿಂಗ್ ಅಂಗಡಿಗೆ ಬರೆ. ಅಲ್ಲಿ ಟೈಪಿಂಗ್ ಕೆಲಸ, ಮೇಲೆ ಒಂದು ಕೋಣೆ. ಕೋರ್ಟಿಗೆ ಹೇಳಬೇಕಾಗಿ ಬರಲಿಲ್ಲ, ನಿನಗೆ ಹೇಳುತ್ತೇನೆ. ಈ ಕೋಣೆ ಈಗ ಹುಡುಕಿದ್ದಲ್ಲ ಯುವಿ. ನೀನು ಬಂದ ದಿನ ನನ್ನ ಬಟ್ಟೆಯ ಬ್ಯಾಗು ಕದದ ಹಿಂದೆ ತುಂಬಿಟ್ಟಿತ್ತು. ಮರುದಿನ ಬೆಳಗ್ಗೆ ಹಳೇಬೀಡಿನ ಮೇಲೆ ಬೇಲೂರಿಗೆ ಬರುವ ಬಸ್ಸಿಗೆ ನಾನೇ ಹೊರಡುವವಳಿದ್ದೆ.